ಉಳಿಸಿದ ಯೂನಿಟ್ಟು ಯಾರ ಪಾಲಿಗೆ?

(ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಕೂಡಿ ಕಳೆದ ಭಾನುವಾರ ಸಂಜೆ ನಡೆಸಿದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆ ಕರೆಯುವುದಕ್ಕೆ ಎರಡು ಸಣ್ಣ ಸಂಗತಿಗಳು ಕಾರಣವಾದವು. ಅವುಗಳಿಂದಲೇ ಪ್ರಾರಂಭಿಸುತ್ತೇನೆ.

ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿರುವ ನಮ್ಮ ಮಿತ್ರರೊಬ್ಬರು ಹೋದ ತಿಂಗಳು ಒಂದು ಬಣ್ಣದ ಪುಸ್ತಿಕೆಯನ್ನು ನನ್ನ ಕೈಗೆ ಕೊಟ್ಟರು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ನಡೆಯುವ ಒಂದು ದೊಡ್ಡ ಪ್ರದರ್ಶನದ ವಿಚಾರ ಅದರಲ್ಲಿತ್ತು. ತಾನೇ ಹತ್ತಿ ತಾನೇ ಆರುವ ದೀಪ, ಬಿಸಿಲು ನೋಡಿ ತಾನೇ ಇಳಿಯುವ ಪರದೆ, ಮನುಷ್ಯ ಬಂದಾಗ ಮಾತ್ರ ತಿರುಗುವ ಫ್ಯಾನು. "ಮೇಷ್ಟ್ರೇ, ಇನ್ನು ಮುಂದೆ ಇದೇ ವ್ಯಾಪಾರವಂತೆ. ನಾನು ಈ ಸ್ವಿಚ್ಚು ಹೋಲ್ಡರು ಮಾರಿಕೊಂಡು ಎಷ್ಟು ದಿನ ಇರಬಹುದು?" ಎಂದು ಕೇಳಿದರು.

ಅದೇ ವಾರ ಗಿರಣಿಯ ರಿಂಗ್ ಫ್ರೇಮಿನ ಕೆಲಸಗಾರರೊಬ್ಬರು ಬಂದರು. "ಗೋಡೆಗೆ ಹೊಸ ಪೆಟ್ಟಿಗೆ ಕೂರಿಸಿದ್ದಾರೆ. ಕರೆಂಟು ಉಳಿಸುವುದಕ್ಕೆ ಅಂದರು. ಒಳ್ಳೆಯದೇ ಅಂದುಕೊಂಡೆವು. ಈಗ ಪಾಳಿಯ ಹೊತ್ತು ಬದಲಾಯಿಸುವ ಮಾತು ಕೇಳಿಬರುತ್ತಿದೆ. ಪೆಟ್ಟಿಗೆಗೂ ಪಾಳಿಗೂ ಏನು ಸಂಬಂಧ?" ಎಂಬುದು ಅವರ ಪ್ರಶ್ನೆ.

ನಾನು ಎಂಜಿನಿಯರನಲ್ಲ. ಹಳ್ಳಿಯ ಶಾಲೆಯಲ್ಲಿ ಕೆಲವು ವರುಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು. ಫ್ರಾಂಕ್‌ಫರ್ಟನ್ನು ಕಣ್ಣಿನಲ್ಲಿ ಕಂಡವನೂ ಅಲ್ಲ. ಆದರೆ ಓದು ಬಲ್ಲವನು ಓದಿ ಹೇಳಬೇಕು, ಲೆಕ್ಕ ಬಲ್ಲವನು ಲೆಕ್ಕ ಬಿಡಿಸಿ ತೋರಿಸಬೇಕು. ಆ ಕೆಲಸವನ್ನಷ್ಟೇ ಇಂದು ಮಾಡುತ್ತೇನೆ. ಈ ಇಬ್ಬರು ಮಿತ್ರರ ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ.

ಮೊದಲು ಆ ಪ್ರದರ್ಶನದ ವಿಷಯ. ಅದರ ಹೆಸರು 'ಲೈಟ್ ಪ್ಲಸ್ ಬಿಲ್ಡಿಂಗ್', ಅಂದರೆ ದೀಪ ಮತ್ತು ಕಟ್ಟಡ. 2000ನೆಯ ಇಸವಿಯಲ್ಲಿ ಮೊದಲು ನಡೆಯಿತು. ಎರಡು ವರುಷಕ್ಕೊಮ್ಮೆ ಎಂಬುದು ಕ್ರಮ. 2020ರಲ್ಲಿ ಕೊರೋನಾ ಕಾರಣದಿಂದ ನಡೆಯಲಿಲ್ಲ. 2022ರಲ್ಲಿ ಅಕ್ಟೋಬರಿನಲ್ಲಿ ನಡೆಯಿತು. 2024ರ ಮಾರ್ಚಿಯಲ್ಲಿ ನಡೆದಾಗ 2,000ಕ್ಕೂ ಮೇಲ್ಪಟ್ಟು ಕಂಪನಿಗಳು ಸಾಮಾನು ತಂದು ಮಳಿಗೆ ಹಾಕಿದ್ದವು. ನೋಡಲು ಬಂದವರು ಸುಮಾರು 1,50,000 ಮಂದಿ. ನಮ್ಮಲ್ಲಿ ದನದ ಜಾತ್ರೆಗೆ ರೈತ ಹೋಗಿ ಹಲ್ಲು ಹಿಡಿದು ನೋಡಿ ಎತ್ತು ಕೊಳ್ಳುವಂತೆ ಅಲ್ಲಿಗೆ ಕಟ್ಟಡ ಕಟ್ಟಿಸುವವರೂ ಕಂತ್ರಾಟುದಾರರೂ ಎಲೆಕ್ಟ್ರಿಷಿಯನ್ನರೂ ಹೋಗಿ ಯಂತ್ರ ನೋಡುತ್ತಾರೆ, ದರ ಕೇಳುತ್ತಾರೆ, ವ್ಯವಹಾರ ಕುದುರಿಸುತ್ತಾರೆ.

ಫ್ರಾಂಕ್‌ಫರ್ಟಿಗೆ ಜಾತ್ರೆ ಹೊಸದಲ್ಲ. 1240ರಲ್ಲೇ ಎರಡನೆಯ ಫ್ರೆಡರಿಕ್ ಚಕ್ರವರ್ತಿ ಆ ಊರ ಸಂತೆಗೆ ಬರುವ ವರ್ತಕರಿಗೆ ದಾರಿಯಲ್ಲಿ ರಕ್ಷಣೆ ಕೊಡುವುದಾಗಿ ಶಾಸನ ಹೊರಡಿಸಿದ. ಎಂಟುನೂರು ವರುಷಗಳ ಹತ್ತಿರವಾಯಿತು. ಇನ್ನೊಂದು ಸಂಗತಿಯನ್ನು ಗಮನಿಸಿ. ಈ ಪ್ರದರ್ಶನ ನಡೆಸುವ ಸಂಸ್ಥೆ ಯಾವ ಸಾಹುಕಾರನದೂ ಅಲ್ಲ. ಅದರಲ್ಲಿ ನೂರಕ್ಕೆ 60 ಪಾಲು ಫ್ರಾಂಕ್‌ಫರ್ಟ್ ನಗರಸಭೆಯದು, 40 ಪಾಲು ಹೆಸ್ಸೆ ರಾಜ್ಯ ಸರ್ಕಾರದ್ದು. ಸಾರ್ವಜನಿಕ ಸಂಸ್ಥೆಯೆಂದರೆ ನಷ್ಟ ಮತ್ತು ನಿದ್ರೆ ಎಂದು ನಮಗೆ ನಿತ್ಯ ಪಾಠ ಹೇಳುವವರಿದ್ದಾರೆ. ಬಂಡವಾಳಗಾರರ ಅತಿ ದೊಡ್ಡ ಜಾತ್ರೆಗಳಲ್ಲೊಂದಕ್ಕೆ ಚಪ್ಪರ ಹಾಕಿಕೊಡುವುದು ಒಂದು ಮುನಿಸಿಪಾಲಿಟಿಯೆಂಬುದನ್ನು ಅವರಿಗೆ ತಿಳಿಸಿ.

ಇಷ್ಟು ಜನ ಅಲ್ಲಿ ಸೇರುವುದು ಏತಕ್ಕೆ? ಯೂರೋಪಿನಲ್ಲಿ ಖರ್ಚಾಗುವ ಒಟ್ಟು ಶಕ್ತಿಯಲ್ಲಿ ನೂರಕ್ಕೆ 40ರಷ್ಟು ಕಟ್ಟಡಗಳಲ್ಲೇ ಖರ್ಚಾಗುತ್ತದೆ. ಚಳಿಗೆ ಬಿಸಿ, ಸೆಕೆಗೆ ತಂಪು, ಕತ್ತಲೆಗೆ ದೀಪ. ಅದನ್ನು ಇಳಿಸಬೇಕೆಂದು ಅಲ್ಲಿಯ ರಾಷ್ಟ್ರಗಳೆಲ್ಲ ಸೇರಿ ಕಾನೂನು ಮಾಡಿವೆ. 290 ಕಿಲೋವ್ಯಾಟಿಗೂ ಹೆಚ್ಚು ಶಕ್ತಿಯ ಬಿಸಿ ಅಥವಾ ತಂಪಿನ ಯಂತ್ರವಿರುವ ಕಚೇರಿ, ಹೋಟೆಲು, ಆಸ್ಪತ್ರೆಗಳಂಥ ಕಟ್ಟಡಗಳು, ಸಾಧ್ಯವಿರುವ ಕಡೆಯಲ್ಲೆಲ್ಲ, 2024ರ ಕೊನೆಯೊಳಗೆ ತಮ್ಮನ್ನು ತಾವೇ ಅಳೆದು ನಿಯಂತ್ರಿಸಿಕೊಳ್ಳುವ ವ್ಯವಸ್ಥೆ ಇಟ್ಟುಕೊಳ್ಳಬೇಕು ಎಂದಿತು ಆ ಕಾನೂನು. 70 ಕಿಲೋವ್ಯಾಟಿನವರಿಗೆ 2029ರ ಕೊನೆಯವರೆಗೆ ಅವಕಾಶ. ಅಂದರೆ ಭಾರವನ್ನು ಮೊದಲು ದೊಡ್ಡವರ ಹೆಗಲಿಗೆ ಹೊರಿಸಿದರು, ಅವರಿಗಿಂತ ಸಣ್ಣವರಿಗೆ ಐದು ವರುಷ ಬಿಟ್ಟುಕೊಟ್ಟರು. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ. ನಮ್ಮ ಕಡೆಯ ಕ್ರಮವನ್ನು ಆಮೇಲೆ ಹೇಳುತ್ತೇನೆ.

ಅದೇ ಫ್ರಾಂಕ್‌ಫರ್ಟಿನಲ್ಲಿ 1891ರಲ್ಲಿ ಇನ್ನೊಂದು ವಿದ್ಯುತ್ ಪ್ರದರ್ಶನ ನಡೆದಿತ್ತು. ನಮ್ಮ ನಾಡಿಗೂ ಅದಕ್ಕೂ ಒಂದು ಎಳೆಯ ನಂಟುಂಟು. ಅಲ್ಲಿಯವರೆಗೆ ಕರೆಂಟು ಹುಟ್ಟಿದ ಕಡೆಯಲ್ಲೇ ಖರ್ಚಾಗಬೇಕಿತ್ತು. ದೂರ ಸಾಗಿಸಿದರೆ ದಾರಿಯಲ್ಲೇ ಸೋರಿಹೋಗುತ್ತಿತ್ತು. ಆ ಪ್ರದರ್ಶನದಲ್ಲಿ ಓಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರರ ಮುಂದಾಳುತನದಲ್ಲಿ ನೆಕ್ಕರ್ ನದಿಯ ದಡದ ಲೌಫನ್ ಎಂಬ ಊರಿನಿಂದ 175 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದರು. ನೀರಿನ ಶಕ್ತಿಯಿಂದ ಅಲ್ಲಿ ಹುಟ್ಟಿದ ವಿದ್ಯುತ್ತಿನಿಂದ ಇಲ್ಲಿ 1,000 ಬಲ್ಬು ಬೆಳಗಿದವು, ಒಂದು ಕೃತಕ ಜಲಪಾತ ಧುಮುಕಿತು. ನೂರರಲ್ಲಿ 75 ಪಾಲು ಶಕ್ತಿ ಸುರಕ್ಷಿತವಾಗಿ ಬಂದು ಸೇರಿತು. ದೂರದ ಹೊಳೆಯ ನೀರು ನಗರದ ಯಂತ್ರವನ್ನು ತಿರುಗಿಸಬಲ್ಲದೆಂದು ಜಗತ್ತಿಗೆ ಖಾತ್ರಿಯಾಯಿತು.

ಹನ್ನೊಂದು ವರುಷ ಕಳೆದು, 1902ರ ಜೂನಿನಲ್ಲಿ, ನಮ್ಮ ಕಾವೇರಿಯ ಶಿವನಸಮುದ್ರದಿಂದ ಅಂಥದೇ ತಂತಿ ಹೊರಟಿತು. ಸುಮಾರು 147 ಕಿಲೋಮೀಟರ್. ಹೋದದ್ದು ಎಲ್ಲಿಗೆ? ಪಕ್ಕದ ಹಳ್ಳಿಗಳಿಗಲ್ಲ, ಮೈಸೂರಿಗಲ್ಲ, ಬೆಂಗಳೂರಿಗಲ್ಲ. ನೇರವಾಗಿ ಕೋಲಾರದ ಚಿನ್ನದ ಗಣಿಗೆ. ಗಣಿಯ ಒಡೆಯರು ಇಂಗ್ಲೆಂಡಿನ ಕಂಪನಿಗಳವರು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಮೂರು ವರುಷದ ಮೇಲೆ, 1905ರಲ್ಲಿ. ತಂತಿಯ ಕೆಳಗಿನ ಎಷ್ಟೋ ಹಳ್ಳಿಗಳು ಅನೇಕ ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯಲ್ಲೇ ಕಾಲ ತಳ್ಳಿದವು. ನೀರು ನಮ್ಮದು, ಬಂಡೆ ಒಡೆದು ಕಂಬ ನೆಟ್ಟ ಕೂಲಿ ನಮ್ಮವನು. ಬೆಳಕು ಮೊದಲು ಹೋದದ್ದು ಲಾಭ ಇದ್ದ ಕಡೆಗೆ. ಆ ಗಣಿಯೂ 2001ರಲ್ಲಿ ಮುಚ್ಚಿತು. ಕೆಲಸಗಾರರ ಸಾಲುಮನೆಗಳು ಮಾತ್ರ ಉಳಿದವು.

ಯಂತ್ರದ ಮೇಲೆ ಸಿಟ್ಟು ತೋರಿಸಲು ಇದನ್ನು ಹೇಳಲಿಲ್ಲ. ಕರೆಂಟು ಬರದಿದ್ದರೆ ನಮ್ಮ ನಾಡಿನ ಗಿರಣಿಗಳು ಇಷ್ಟು ಬೆಳೆಯುತ್ತಿರಲಿಲ್ಲ. ಹೊಸ ಯಂತ್ರ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ತಂತಿ ಯಾರ ಮನೆಯ ಕಡೆಗೆ ಹೊರಟಿದೆ?

ಈಗ ಈ 'ಜಾಣ ಕಟ್ಟಡ'ವೆಂಬುದು ಏನೆಂದು ನೋಡೋಣ. ಹೆಸರು ಕೇಳಿ ಹೆದರಬೇಕಾಗಿಲ್ಲ. ನಾನಿದ್ದ ಶಾಲೆಯಲ್ಲಿ ಒಬ್ಬ ಮುದುಕಪ್ಪ ಜವಾನರಿದ್ದರು. ಸಂಜೆ ಬಾಗಿಲು ಹಾಕುವ ಮೊದಲು ಪ್ರತಿ ಕೋಣೆಗೂ ಇಣುಕಿ ಫ್ಯಾನು ನಿಲ್ಲಿಸುತ್ತಿದ್ದರು, ಹಗಲು ಹೊತ್ತಿನಲ್ಲಿ ಉರಿಯುವ ದೀಪ ಕಂಡರೆ ಹೆಡ್ಮಾಸ್ತರರನ್ನೇ ಗದರುತ್ತಿದ್ದರು. ಕಟ್ಟಡಕ್ಕೆ ಜಾಣತನ ಬಂದದ್ದು ಅವರಿಂದ. ಅವರ ಕಣ್ಣು, ತಲೆ, ಕೈ ಈ ಮೂರನ್ನೂ ಬೇರೆ ಬೇರೆ ಮಾಡಿ ಗೋಡೆಗೆ ಕೂರಿಸಿದರೆ ಅದೇ ಜಾಣ ಕಟ್ಟಡ. ಕಣ್ಣೆಂದರೆ ಸೆನ್ಸರು: ಬೆಳಕು, ಬಿಸಿ, ತೇವ, ಜನರ ಓಡಾಟ ಇವನ್ನು ಗುರುತಿಸುತ್ತದೆ. ತಲೆಯೆಂದರೆ ಸಣ್ಣ ಕಂಪ್ಯೂಟರು: ಬಂದ ಸುದ್ದಿಯನ್ನು ತನಗೆ ಹೇಳಿಕೊಟ್ಟ ನಿಯಮದೊಂದಿಗೆ ಹೋಲಿಸುತ್ತದೆ. ಕೈಯೆಂದರೆ ಸ್ವಿಚ್ಚು, ವಾಲ್ವು, ಮೋಟಾರು: ಹೇಳಿದ್ದನ್ನು ಮಾಡುತ್ತದೆ. ಇವುಗಳ ಮೇಲೆ ಮೀಟರು ಕುಳಿತು ಲೆಕ್ಕ ಬರೆಯುತ್ತದೆ.

ಈ ಕಣ್ಣು, ತಲೆ, ಕೈಗಳು ತಮ್ಮತಮ್ಮಲ್ಲಿ ಮಾತಾಡುವುದಕ್ಕೆ ಒಂದು ಭಾಷೆ ಬೇಕು. ವ್ಯಾಪಾರದ ಗುಟ್ಟು ಇರುವುದು ಇಲ್ಲಿ. ಒಬ್ಬ ಕಂಪನಿಯವನು ತನ್ನದೇ ಭಾಷೆಯನ್ನು ಬೀಗಹಾಕಿ ಇಟ್ಟುಕೊಂಡರೆ, ಒಮ್ಮೆ ಅವನ ಪೆಟ್ಟಿಗೆ ಕೊಂಡವನು ಕೊನೆಯವರೆಗೂ ಅವನ ಬಿಡಿಭಾಗವನ್ನೇ ಕೊಳ್ಳಬೇಕು, ಅವನ ಮೆಕ್ಯಾನಿಕ್ಕನ್ನೇ ಕರೆಯಬೇಕು. ಆದರೆ ಎಲ್ಲರಿಗೂ ಸಾಮಾನ್ಯವಾದ ಭಾಷೆಗಳೂ ಇವೆ. ಕೆಎನ್‌ಎಕ್ಸ್ ಎಂಬುದೊಂದು. ಯೂರೋಪಿನ ಕಂಪನಿಗಳು ಸೇರಿ ರೂಪಿಸಿದ್ದು, ಅಂತರರಾಷ್ಟ್ರೀಯ ಮಾನಕವಾಗಿದೆ. ಒಬ್ಬ ತಯಾರಕನ ಸ್ವಿಚ್ಚು ಇನ್ನೊಬ್ಬನ ದೀಪಕ್ಕೆ ಹೊಂದುತ್ತದೆ. ದೀಪಗಳಿಗೆಂದೇ ಡಾಲಿ ಎಂಬ ಇನ್ನೊಂದಿದೆ; ಒಂದು ಜೋಡಿ ತಂತಿಯ ಮೇಲೆ 64 ದೀಪಗಳಿಗೆ ಬೇರೆ ಬೇರೆ ವಿಳಾಸ ಕೊಟ್ಟು ಬೇರೆ ಬೇರೆಯಾಗಿ ಆಜ್ಞೆ ಮಾಡಬಹುದು. ನಟ್ಟಿಗೂ ಬೋಲ್ಟಿಗೂ ಅಳತೆ ಒಂದೇ ಇರುವುದರಿಂದ ತಾನೇ ನಮ್ಮೂರ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಯುವುದು?

ಆದುದರಿಂದ ಅಂಗಡಿಯ ಮಿತ್ರರಿಗೆ ನನ್ನ ಉತ್ತರ: ಈ ವಿದ್ಯೆ ಬರುವುದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಅದು ಬೀಗದ ಭಾಷೆಯಲ್ಲಿ ಬಂದರೆ ನಿಮ್ಮ ಅಂಗಡಿ ಮುಚ್ಚುತ್ತದೆ, ಕಂಪನಿಯ ಷೋರೂಮು ತೆರೆಯುತ್ತದೆ. ಸಾಮಾನ್ಯ ಭಾಷೆಯಲ್ಲಿ ಬಂದರೆ ನೀವೂ ಮಾರಬಹುದು, ಐಟಿಐ ಓದಿದ ನಮ್ಮ ಹುಡುಗರೂ ಜೋಡಿಸಬಹುದು, ಕೆಟ್ಟರೆ ರಿಪೇರಿ ಮಾಡಬಹುದು. ಸರ್ಕಾರಿ ಕಚೇರಿ, ಆಸ್ಪತ್ರೆ, ಕಾಲೇಜುಗಳಿಗೆ ಇಂಥದನ್ನು ಕೊಳ್ಳುವಾಗ ಟೆಂಡರಿನಲ್ಲಿ ಸಾಮಾನ್ಯ ಮಾನಕದ ಷರತ್ತು ಹಾಕಬೇಕೆಂದು ವರ್ತಕರ ಸಂಘ ಒತ್ತಾಯಿಸಬೇಕು. ಇದು ಎಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಸುಮ್ಮನಿರಬೇಡಿ. ಇದು ನಿಮ್ಮ ಅನ್ನದ ವಿಷಯ.

ದೀಪದ ವ್ಯಾಪಾರದಲ್ಲಿ ಬೀಗ ಹಾಕಿದ ಚರಿತ್ರೆ ಹಿಂದೆ ನಡೆದಿದೆ. 1924ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಜಗತ್ತಿನ ದೊಡ್ಡ ಬಲ್ಬು ಕಂಪನಿಗಳು ಗುಟ್ಟಾಗಿ ಒಂದು ಕೂಟ ಕಟ್ಟಿಕೊಂಡವು. ಫೀಬಸ್ ಎಂದು ಅದರ ಹೆಸರು. ಜರ್ಮನಿಯ ಓಸ್ರಾಂ, ಹಾಲೆಂಡಿನ ಫಿಲಿಪ್ಸ್, ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿನ ಅಂಗಸಂಸ್ಥೆಗಳು ಅದರಲ್ಲಿದ್ದವು. ಯಾರು ಯಾವ ದೇಶದಲ್ಲಿ ಮಾರಬೇಕೆಂದು ಹಂಚಿಕೊಂಡರು. ಬಲ್ಬು 1,000 ಗಂಟೆ ಉರಿದರೆ ಸಾಕು, ಅದಕ್ಕಿಂತ ಹೆಚ್ಚು ಬಾಳಬಾರದೆಂದು ಗೊತ್ತುಮಾಡಿದರು. ಹೆಚ್ಚು ಕಾಲ ಉರಿಯುವ ಬಲ್ಬು ಮಾಡಿದವನಿಗೆ ದಂಡ! ಪರೀಕ್ಷೆಗೆ ಪ್ರಯೋಗಶಾಲೆ ಬೇರೆ. ಒಳ್ಳೆಯ ಸರಕು ಮಾಡುವ ವಿದ್ಯೆ ಗೊತ್ತಿದ್ದೂ ಕೆಟ್ಟ ಸರಕು ಮಾಡಲು ವಿಜ್ಞಾನವನ್ನು ದುಡಿಸಿದರು. 1939ರಲ್ಲಿ ಮಹಾಯುದ್ಧ ಪ್ರಾರಂಭವಾದಾಗ ಆ ಕೂಟ ಒಡೆಯಿತು.

ಇದಕ್ಕೆ ಪ್ರತಿಯಾದ ಇನ್ನೊಂದು ಉದಾಹರಣೆ ನಮ್ಮ ದೇಶದಲ್ಲೇ ಇದೆ. ಎಲ್‌ಇಡಿ ಬಲ್ಬು ಮೊದಲು ಬಂದಾಗ ಬಡವನ ಕೈಗೆ ಎಟುಕುತ್ತಿರಲಿಲ್ಲ. ಸರ್ಕಾರಿ ವಿದ್ಯುತ್ ಸಂಸ್ಥೆಗಳು ಸೇರಿ ಸ್ಥಾಪಿಸಿದ ಒಂದು ಸಾರ್ವಜನಿಕ ಕಂಪನಿ ಕೋಟಿಗಟ್ಟಲೆ ಬಲ್ಬುಗಳಿಗೆ ಒಟ್ಟಾಗಿ ಟೆಂಡರು ಕರೆಯಿತು. 2014ರಲ್ಲಿ ಒಂದಕ್ಕೆ 310 ರೂಪಾಯಿ ಇದ್ದ ಖರೀದಿ ದರ 2016ರಲ್ಲಿ 38 ರೂಪಾಯಿಗೆ ಇಳಿಯಿತು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಮೇಲ್ಪಟ್ಟು ಬಲ್ಬು ಹಂಚಿದರು. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆಯಂತೆ ತಿಂಗಳಿಗೆ 9 ಯೂನಿಟ್ಟು ತಿನ್ನುತ್ತಿತ್ತು. ಅಷ್ಟೇ ಬೆಳಕಿನ 9 ವ್ಯಾಟಿನ ಬಲ್ಬು ಒಂದೂವರೆ ಯೂನಿಟ್ಟನ್ನೂ ಮುಟ್ಟುವುದಿಲ್ಲ. ಉಳಿತಾಯ ನೇರವಾಗಿ ಮನೆಯೊಡತಿಯ ಡಬ್ಬಿಗೆ ಬಂತು. ಸರಕು ಒಂದೇ, ವಿಜ್ಞಾನ ಒಂದೇ. ಕೆಲವರೇ ಕೂತು ದರ ಕಟ್ಟಿದಾಗ ಒಂದು ಫಲ, ಸಾರ್ವಜನಿಕರ ಪರವಾಗಿ ಒಟ್ಟಾಗಿ ಕೊಂಡಾಗ ಇನ್ನೊಂದು ಫಲ.

ಇನ್ನು ಗಿರಣಿಯ ಪೆಟ್ಟಿಗೆಗೆ ಬರೋಣ. ಸ್ಪಿನ್ನಿಂಗ್ ಖಾತೆಯಲ್ಲಿ ನೂಲು ಹರಿಯದಿರಲು ಗಾಳಿಯಲ್ಲಿ ತೇವ ಇರಬೇಕು. ಅದಕ್ಕೆ ದೊಡ್ಡ ದೊಡ್ಡ ಫ್ಯಾನುಗಳು ಹಗಲಿರುಳೂ ತಿರುಗುತ್ತವೆ. ಫ್ಯಾನಿನ ಒಂದು ಗುಣ ಸ್ವಾರಸ್ಯವಾದದ್ದು. ಅದರ ವೇಗವನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ಕರೆಂಟು ಎಂಬತ್ತಕ್ಕೆ ಇಳಿಯುವುದಿಲ್ಲ. ಸುಮಾರು ಐವತ್ತೊಂದಕ್ಕೆ ಇಳಿಯುತ್ತದೆ. ಶಾಲೆಗೆ ಹೋದ ಮಕ್ಕಳು ಮನೆಯಲ್ಲಿದ್ದರೆ ಬಿಡಿಸಲು ಹೇಳಿ: 0.8ನ್ನು ಮೂರು ಸಲ ಗುಣಿಸಿದರೆ 0.512. ಗೋಡೆಯ ಪೆಟ್ಟಿಗೆ ಮಾಡುವ ಕೆಲಸ ಇದೇ. ತೇವ ಸಾಕಷ್ಟಿದ್ದಾಗ ಫ್ಯಾನಿನ ವೇಗವನ್ನು ಇಳಿಸುತ್ತದೆ.

ಒಂದು ಲೆಕ್ಕ ಹಾಕೋಣ. 10 ಕಿಲೋವ್ಯಾಟಿನ ಒಂದು ಫ್ಯಾನು ದಿನಕ್ಕೆ 20 ಗಂಟೆ ಎಂಬತ್ತರ ವೇಗದಲ್ಲಿ ತಿರುಗಿತೆಂದು ಇಟ್ಟುಕೊಳ್ಳಿ. ಉಳಿತಾಯ ದಿನಕ್ಕೆ 98 ಯೂನಿಟ್ಟಿನ ಹತ್ತಿರ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ದಿನಕ್ಕೆ 680 ರೂಪಾಯಿ, 300 ದಿನಕ್ಕೆ 2 ಲಕ್ಷಕ್ಕೂ ಮೇಲು. ಇದು ಕಾಗದದ ಲೆಕ್ಕ. ಜಾಲರಿ, ಕೊಳವೆಗಳ ಅಡ್ಡಿಯಿಂದ ನಿಜವಾದದ್ದು ಸ್ವಲ್ಪ ಕಡಿಮೆಯಾದೀತು. ಆದರೂ ಒಂದು ಫ್ಯಾನಿನಿಂದ ಇಷ್ಟು. ಗಿರಣಿಯಲ್ಲಿ ಎಷ್ಟು ಫ್ಯಾನುಗಳಿವೆಯೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಈ ಉಳಿತಾಯವನ್ನು ನಾವು ಸ್ವಾಗತಿಸಬೇಕು. ಉರಿಸದ ಕಲ್ಲಿದ್ದಲು ದೇಶಕ್ಕೆ ಉಳಿದ ಆಸ್ತಿ. ಆದರೆ ಎರಡು ಮಾತು ಕೇಳಲೇಬೇಕು. ಒಂದನೆಯದು, ಆ ಸೆನ್ಸರು ಅಳೆಯುವುದು ನೂಲಿನ ಸುಖವನ್ನೋ, ನೂಲುವವನ ಸುಖವನ್ನೋ? ನೂಲಿಗೆ ಸಾಕಾದ ಗಾಳಿ ಬೆವರುವ ಮೈಗೆ ಸಾಕಾಗದೇ ಹೋಗಬಹುದು. ಫ್ಯಾನಿನ ವೇಗ ಇಳಿದಾಗ ಖಾತೆಯಲ್ಲಿ ಸೆಕೆ ಎಷ್ಟಾಯಿತು, ಹತ್ತಿಯ ಧೂಳು ಎಷ್ಟು ನಿಂತಿತು ಎಂಬುದನ್ನೂ ಅದೇ ಪೆಟ್ಟಿಗೆ ಬರೆಯಬಲ್ಲದು. ಹಾಗೆ ಬರೆಯಲು ಹೇಳಿದ್ದಾರೆಯೆ? ಆ ಲೆಕ್ಕವನ್ನು ನೋಟೀಸು ಬೋರ್ಡಿಗೆ ಹಾಕುತ್ತಾರೆಯೆ? ಎರಡನೆಯದು, ಉಳಿದ ಲಕ್ಷಗಳಲ್ಲಿ ಒಂದು ಪಾಲಾದರೂ ಕ್ಯಾಂಟೀನಿಗೆ, ಕುಡಿಯುವ ತಣ್ಣೀರಿಗೆ, ಬೋನಸ್ಸಿಗೆ ಬರುತ್ತದೆಯೆ? ನಿಂತ ಮಗ್ಗ ಕಂಡರೆ ಸ್ವಿಚ್ಚು ಆರಿಸುವವನು, ಸೋರುವ ಗಾಳಿಕೊಳವೆ ಕಂಡರೆ ಹೇಳುವವನು ಕೆಲಸಗಾರನೇ. ಅವನ ಸಹಕಾರವಿಲ್ಲದೆ ಯಾವ ಪೆಟ್ಟಿಗೆಯೂ ಪೂರ್ತಿ ಉಳಿಸಲಾರದು.

ಈಗ ಪೆಟ್ಟಿಗೆಗೂ ಪಾಳಿಗೂ ಇರುವ ಸಂಬಂಧ. ಹಳೆಯ ಮೀಟರಿಗೆ ಎಷ್ಟು ಯೂನಿಟ್ಟು ಎಂಬುದಷ್ಟೇ ಗೊತ್ತು. ಹೊಸ ಸ್ಮಾರ್ಟ್ ಮೀಟರಿಗೆ ಎಷ್ಟು ಹೊತ್ತಿಗೆ ಎಷ್ಟು ಎಂಬುದೂ ಗೊತ್ತು. ಅಂದರೆ ಮೀಟರಿಗೆ ಗಡಿಯಾರ ಬಂತು. ಗಡಿಯಾರ ಬಂದ ಮೇಲೆ ಹೊತ್ತಿಗೊಂದು ದರ ಕಟ್ಟಬಹುದು. 2023ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ಮಾಡಿತು. 10 ಕಿಲೋವ್ಯಾಟಿಗೆ ಮೇಲ್ಪಟ್ಟ ವ್ಯಾಪಾರಿ ಮತ್ತು ಕೈಗಾರಿಕಾ ಬಳಕೆದಾರರಿಗೆ 2024ರ ಏಪ್ರಿಲ್ 1ರಿಂದ, ಬೇಸಾಯ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್ 1ರಿಂದ. ಸ್ಮಾರ್ಟ್ ಮೀಟರು ಕೂರಿಸಿದವರಿಗೆ ಕೂರಿಸಿದೊಡನೆ. ಬಿಸಿಲಿನ ಹೊತ್ತು, ಸೌರ ವಿದ್ಯುತ್ತು ಧಾರಾಳವಾಗಿರುವಾಗ, ದರ ಕನಿಷ್ಠ ನೂರಕ್ಕೆ 20ರಷ್ಟು ಕಡಿಮೆ. ಬೇಡಿಕೆ ಏರಿದ ಹೊತ್ತು ವ್ಯಾಪಾರಿಗೂ ಕೈಗಾರಿಕೆಗೂ ಕನಿಷ್ಠ ನೂರಕ್ಕೆ 20ರಷ್ಟು ಹೆಚ್ಚು, ಉಳಿದವರಿಗೆ 10ರಷ್ಟು ಹೆಚ್ಚು.

ತತ್ತ್ವದಲ್ಲಿ ತಪ್ಪಿಲ್ಲ. ಬಿಸಿಲಿದ್ದಾಗ ಬಳಸಿ, ಕತ್ತಲಾದಾಗ ಕಡಿಮೆ ಮಾಡಿ ಎನ್ನುವುದು ಬುದ್ಧಿಯ ಮಾತೇ. ಆದರೆ ಗಡಿಯಾರ ಎಲ್ಲರಿಗೂ ಒಂದೇ ಆದರೂ ಎಲ್ಲರ ಕೈಯೂ ಒಂದೇ ಅಲ್ಲ. ದೊಡ್ಡ ಗಿರಣಿಯವನು ಪಾಳಿ ಸರಿಸಿ, ಚಾವಣಿಯ ಮೇಲೆ ಸೌರ ಫಲಕ ಹಾಸಿ, ಬ್ಯಾಟರಿ ಇಟ್ಟು ಸಂಜೆಯ ದರದಿಂದ ತಪ್ಪಿಸಿಕೊಳ್ಳುತ್ತಾನೆ. ಬಟ್ಟೆ ಅಂಗಡಿಯವನು ಏನು ಮಾಡಬೇಕು? ಬೇಡಿಕೆ ಏರುವುದು ದೀಪ ಹಚ್ಚುವ ಹೊತ್ತಿಗೆ. ಅವನ ಗಿರಾಕಿ ಬರುವುದೂ ಆಗಲೇ. ಗಿರಣಿ ಬಿಟ್ಟ ಮೇಲೆ, ಕಚೇರಿ ಬಿಟ್ಟ ಮೇಲೆ. "ಮಧ್ಯಾಹ್ನ ಎರಡಕ್ಕೆ ಬನ್ನಿ, ಕರೆಂಟು ಸೋವಿ" ಎಂದು ಗಿರಾಕಿಗೆ ಹೇಳಲಾದೀತೆ? ಹೋಟೆಲಿನವನು ರಾತ್ರಿಯೂಟವನ್ನು ಹಗಲಿಗೆ ಬಡಿಸಲಾದೀತೆ? ಹೊತ್ತು ಸರಿಸಲು ಸಾಧ್ಯವಿದ್ದವನಿಗೆ ಇನಾಮು, ಸಾಧ್ಯವಿಲ್ಲದವನಿಗೆ ದಂಡ. ಯೂರೋಪಿನವರು ದೊಡ್ಡ ಕಟ್ಟಡದಿಂದ ಆರಂಭಿಸಿ ಸಣ್ಣವರಿಗೆ ಕಾಲಾವಕಾಶ ಕೊಟ್ಟರೆಂದು ಹೇಳಿದೆನಲ್ಲ; ನಮ್ಮ ನಿಯಮ ದೊಡ್ಡವನಿಗೂ ಸಣ್ಣವನಿಗೂ ನಡುವೆ ಬಿಟ್ಟದ್ದು ಒಂದೇ ವರುಷದ ಅಂತರ.

ಮೀಟರಿನ ಬೆಲೆಯೂ ಇದೆ. 2025ರ ಫೆಬ್ರವರಿಯಿಂದ ಬೆಂಗಳೂರಿನ ಸುತ್ತಮುತ್ತ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರು ಕಡ್ಡಾಯವಾಯಿತು. ಸಿಂಗಲ್ ಫೇಸ್ ಮೀಟರಿಗೇ ತೆರಿಗೆ ಬಿಟ್ಟು ಸುಮಾರು 5,000 ರೂಪಾಯಿ ಬಳಕೆದಾರನ ತಲೆಗೆ ಬಂತು. ಪ್ರಶ್ನೆ ವಿಧಾನಸಭೆಯಲ್ಲೂ ಹೈಕೋರ್ಟಿನಲ್ಲೂ ಎದ್ದಿತು. 310 ರೂಪಾಯಿಯ ಬಲ್ಬನ್ನು 38ಕ್ಕೆ ಇಳಿಸಿದ ಉಪಾಯ ನಮ್ಮ ದೇಶಕ್ಕೆ ಗೊತ್ತಿದೆ. ಅದನ್ನು ಮೀಟರಿಗೆ ಏಕೆ ಮಾಡಬಾರದು?

ಕೆಲಸಗಾರ ಬಂಧುಗಳೇ, ಇದೇ ಗಡಿಯಾರ ನಿಮ್ಮ ನಿದ್ರೆಗೂ ಕೈ ಹಾಕುತ್ತದೆ. ನಮ್ಮ ರಾಜ್ಯದಲ್ಲಿ ದೊಡ್ಡ ಕೈಗಾರಿಕೆಗಳಿಗೆ ಸಂಜೆ ಹೆಚ್ಚು, ರಾತ್ರಿ ಕಡಿಮೆ ಎಂಬ ದರ ಬಹಳ ವರುಷ ಜಾರಿಯಲ್ಲಿತ್ತು. ದರ ಕಡಿಮೆಯಿದ್ದ ಕಡೆಗೆ ಯಂತ್ರ ವಾಲುತ್ತದೆ, ಯಂತ್ರ ವಾಲಿದ ಕಡೆಗೆ ಮನುಷ್ಯ ವಾಲಬೇಕು. ಸಂಜೆ ನಾಲ್ಕು ಗಂಟೆ ಯಂತ್ರ ನಿಲ್ಲಿಸಿ ಪಾಳಿಯನ್ನು ಎರಡು ತುಂಡು ಮಾಡಿದರೆ ಬಿಲ್ಲು ಇಳಿಯುತ್ತದೆ. ಆ ನಾಲ್ಕು ಗಂಟೆ ಕೆಲಸಗಾರ ಎಲ್ಲಿರಬೇಕು? ಮನೆಗೆ ಹೋಗಿ ಬರಲು ಬಸ್ಸಿಲ್ಲ, ಕಾದು ಕೂತದ್ದಕ್ಕೆ ಕೂಲಿಯಿಲ್ಲ. 2023ರಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸುವುದಕ್ಕೂ ಹೆಂಗಸರನ್ನು ರಾತ್ರಿ ಪಾಳಿಗೆ ಕರೆಯುವುದಕ್ಕೂ ದಾರಿ ಮಾಡಿತು. ಅತ್ತ ದರದ ಗಡಿಯಾರ, ಇತ್ತ ಸಡಿಲವಾದ ಕಾನೂನು. ಎರಡೂ ಸೇರಿದರೆ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಮ್ಮ ಕೈ ಬರಿದಾಗಿಲ್ಲ. ಸ್ಥಾಯಿ ಆದೇಶಗಳಲ್ಲಿ ಮೊದಲೇ ಏರ್ಪಾಡಿಲ್ಲದ ಹೊಸ ಪಾಳಿ ತರಬೇಕಾದರೆ, ಅಥವಾ ಜನರನ್ನು ಕೆಲಸದಿಂದ ಕಡಿಮೆ ಮಾಡುವಂಥ ಹೊಸ ಯಂತ್ರಪದ್ಧತಿ ತರಬೇಕಾದರೆ, ಮಾಲೀಕನು 21 ದಿನದ ಮುನ್ಸೂಚನೆ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯಿದೆ ವಿಧಿಸಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಆ 21 ದಿನ ಉಳಿದುಕೊಂಡಿದೆ. ಬಾಯಿಮಾತಿನಲ್ಲಿ ಪಾಳಿ ಬದಲಾಯಿತೆಂದು ಜಾಬರು ಬಂದು ಹೇಳಿದರೆ ತಲೆಯಾಡಿಸಬೇಡಿ. ನೋಟೀಸು ಎಲ್ಲಿ ಎಂದು ಕೇಳಿ. ಒಬ್ಬೊಬ್ಬರಾಗಿ ಬೇಡ, ಸಂಘದ ಮೂಲಕ ಕೇಳಿ.

ಇನ್ನೊಂದು ಅಪಾಯವನ್ನು ಹೇಳಿ ಮುಂದೆ ಹೋಗುತ್ತೇನೆ. ಕೋಣೆಯಲ್ಲಿ ಜನರಿದ್ದಾರೆಯೇ ಎಂದು ನೋಡಿ ದೀಪ ಹಚ್ಚುವ ಕಣ್ಣು, ಯಾರು ಎಷ್ಟು ಸಲ ಎದ್ದು ಹೋದರು ಎಂಬುದನ್ನೂ ಬರೆದಿಡಬಲ್ಲದು. ದೀಪಕ್ಕೆ ತಂದ ಕಣ್ಣನ್ನು ಹಾಜರಿ ಪುಸ್ತಕ ಮಾಡಕೂಡದು. ನಿಮ್ಮ ಮನೆಯ ಮೀಟರು ಯಾವ ಹೊತ್ತಿನಲ್ಲಿ ಮನೆ ಖಾಲಿ, ಯಾವ ಹೊತ್ತಿನಲ್ಲಿ ಜನ ಎದ್ದಿದ್ದಾರೆ ಎಂಬುದನ್ನು ಹೇಳಬಲ್ಲದು. ಆ ಲೆಕ್ಕದ ಒಡೆಯ ಬಳಕೆದಾರನೇ ಆಗಿರಬೇಕು.

ಹಾಗಾದರೆ ನಾವು ಮಾಡತಕ್ಕದ್ದು ಏನು? ಯಂತ್ರ ಒಡೆಯುವ ಮಾತು ನಮ್ಮದಲ್ಲ. ಐದು ಬೇಡಿಕೆಗಳನ್ನು ಈ ಸಭೆಯ ಮುಂದೆ ಇಡುತ್ತೇನೆ.

ಒಂದು: ಸಣ್ಣ ಅಂಗಡಿ, ಹೋಟೆಲು, ಮಗ್ಗದ ಮನೆಗಳಿಗೆ ಸಂಜೆಯ ಹೆಚ್ಚುವರಿ ದರದಿಂದ ವಿನಾಯಿತಿ ಬೇಕು.

ಎರಡು: ಮೀಟರುಗಳನ್ನು ಸಾರ್ವಜನಿಕವಾಗಿ, ಒಟ್ಟಾಗಿ, ಬಹಿರಂಗ ಟೆಂಡರಿನಲ್ಲಿ ಕೊಳ್ಳಬೇಕು, ಬೆಲೆಯನ್ನು ಬಳಕೆದಾರನ ಮೇಲೆ ಒಂದೇ ಸಲ ಹೊರಿಸಬಾರದು.

ಮೂರು: ಗಿರಣಿಯಲ್ಲಿ ವಿದ್ಯುತ್ ಉಳಿತಾಯದ ಲೆಕ್ಕ ಸಂಘಕ್ಕೆ ತೋರಿಸಬೇಕು, ಅದರಲ್ಲಿ ಗೊತ್ತಾದ ಪಾಲು ಕೆಲಸಗಾರರ ಕ್ಷೇಮಕ್ಕೆ ಬರಬೇಕು, ಸೆಕೆ ಮತ್ತು ಧೂಳಿನ ಅಳತೆ ಬೋರ್ಡಿಗೆ ಬರಬೇಕು.

ನಾಲ್ಕು: ಸೆನ್ಸರಿನ ಸುದ್ದಿಯನ್ನು ಶಿಸ್ತುಕ್ರಮಕ್ಕೆ ಬಳಸಕೂಡದು.

ಐದು: ಸರ್ಕಾರಿ ಕಟ್ಟಡಗಳಿಗೆ ಸಾಮಾನ್ಯ ಮಾನಕದ ಸಾಮಾನನ್ನೇ ಕೊಳ್ಳಬೇಕು, ಅದನ್ನು ಜೋಡಿಸುವ ವಿದ್ಯೆಯನ್ನು ನಮ್ಮ ಐಟಿಐಗಳಲ್ಲಿ ಕಲಿಸಬೇಕು.

ಇವನ್ನು ಯಾರ ಮುಂದೆ ಇಡಬೇಕು? ವಿದ್ಯುತ್ ದರ ಗೊತ್ತುಮಾಡುವುದು 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. 2003ರ ವಿದ್ಯುಚ್ಛಕ್ತಿ ಕಾಯಿದೆಯ 64ನೆಯ ಕಲಮಿನ ಪ್ರಕಾರ ದರದ ಅರ್ಜಿಯನ್ನು ಪ್ರಕಟಿಸಬೇಕು, ಸಾರ್ವಜನಿಕರ ಸಲಹೆ ಆಕ್ಷೇಪಣೆಗಳನ್ನು ಪರಿಶೀಲಿಸಿದ ಮೇಲೆಯೇ ಆಯೋಗ ಆಜ್ಞೆ ಹೊರಡಿಸಬೇಕು. ಅಲ್ಲಿ ದೊಡ್ಡ ಕೈಗಾರಿಕೆಯವರ ಪರವಾಗಿ ವಕೀಲರು ದಪ್ಪ ಕಡತ ಹಿಡಿದು ನಿಲ್ಲುತ್ತಾರೆ. ನಮ್ಮ ಪರವಾಗಿ ಯಾರೂ ನಿಲ್ಲದಿದ್ದರೆ ತಪ್ಪು ಆಯೋಗದ್ದಲ್ಲ, ನಮ್ಮದು. ವರ್ತಕ ಮಿತ್ರರು ಪ್ರತಿಯೊಬ್ಬರೂ ತಮ್ಮ ಕಳೆದ ಹನ್ನೆರಡು ತಿಂಗಳ ಬಿಲ್ಲು ತಂದುಕೊಡಿ. ಗಿರಣಿಯವರು ಖಾತೆವಾರು ಪಾಳಿಯ ಪಟ್ಟಿ ಬರೆದುಕೊಡಿ. ಲೆಕ್ಕ ಕೂಡಿಸುವ ಕೆಲಸ ನನಗೆ ಬಿಡಿ. ಅದೊಂದು ಅಭ್ಯಾಸ ನನಗಿದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕೊಡೋಣ.

ಒಂದೇ ಅರ್ಜಿ ಏಕೆಂದರೆ, ಇಲ್ಲಿಯವರೆಗೆ ನಮ್ಮ ಪೇಟೆ ಮತ್ತು ಗಿರಣಿ ಬೇರೆ ಬೇರೆ ಬಾಗಿಲುಗಳಲ್ಲಿ ನಿಂತು ಬೇಡುತ್ತಿದ್ದವು. ಕೂಲಿ ಹೆಚ್ಚಿಸಿ ಎಂದು ಇವರು, ದರ ಇಳಿಸಿ ಎಂದು ಅವರು. ಆದರೆ ಕೆಲಸಗಾರನ ಪಾಳಿ ರಾತ್ರಿಗೆ ಸರಿದರೆ ಸಂಜೆ ಪೇಟೆಗೆ ಬರುವವರು ಯಾರು? ಪೇಟೆಯ ದೀಪ ಬೇಗ ಆರಿದರೆ ಪಾಳಿ ಮುಗಿಸಿ ಬಂದವನಿಗೆ ಅಕ್ಕಿ ಬೇಳೆ ಉದ್ದರಿ ಕೊಡುವವರು ಯಾರು? ಮೀಟರಿನ ಗಡಿಯಾರ ನಮ್ಮಿಬ್ಬರನ್ನೂ ಒಂದೇ ಮುಳ್ಳಿನಿಂದ ಚುಚ್ಚುತ್ತಿದೆ.

ಫ್ರಾಂಕ್‌ಫರ್ಟಿನ ಜಾತ್ರೆ ಮತ್ತೆ ಮತ್ತೆ ನಡೆಯುತ್ತದೆ. ಇನ್ನೂ ಜಾಣ ದೀಪಗಳು ಬರುತ್ತವೆ, ಬರಲಿ. 1902ರಲ್ಲಿ ಶಿವನಸಮುದ್ರದ ತಂತಿ ನಮ್ಮ ತಲೆಯ ಮೇಲೆ ಹಾದುಹೋದಾಗ ಅದು ಎಲ್ಲಿಗೆ ಹೊರಟಿತೆಂದು ಕೇಳುವ ಸಂಘ ಇರಲಿಲ್ಲ, ಆಯೋಗ ಇರಲಿಲ್ಲ, ಓಟು ಇರಲಿಲ್ಲ. ಇಂದು ಮೂರೂ ಇವೆ. ಬರುವ ಭಾನುವಾರ ಇದೇ ಹೊತ್ತಿಗೆ, ಇದೇ ಜಾಗಕ್ಕೆ, ಬಿಲ್ಲುಗಳನ್ನು ಹಿಡಿದುಕೊಂಡು ಬನ್ನಿ.